ಅಂಕಲ್ ಹತ್ತದ ಬೆಟ್ಟ

ಮೊನ್ನೆ ಶನಿವಾರ ಬ್ರಿಸ್ಬೇನಿನ ಸನ್ನಿಬ್ಯಾಂಕಿನ ಒಂದು ಕೊರಿಯನ್ ಅಂಗಡಿಗೆ ಹೋಗಿದ್ದೆ. ಬೇಕಾಗಿದ್ದದ್ದು ಬರೀ ಮೂಲಂಗಿ. ಬಿಲ್ ಹಾಕುವ ಕೌಂಟರಿನ ಪಕ್ಕದಲ್ಲಿ ಒಬ್ಬ ಹೆಂಗಸು ಕಿತ್ತಳೆ ಸುಲಿದು, ತೊಳೆ ಬಿಡಿಸಿ, ಗಿರಾಕಿಗಳು ರುಚಿ ನೋಡಲೆಂದು ತಟ್ಟೆಯಲ್ಲಿ ಇಡುತ್ತಿದ್ದಳು. ತೊಟ್ಟಿನ ಹತ್ತಿರ ಜುಟ್ಟು ಕಟ್ಟಿದ ಹಾಗೆ ಉಬ್ಬಿರುವ, ಜೇಜು ದ್ವೀಪದ ಕಿತ್ತಳೆ. ಆ ಸಿಪ್ಪೆಯ ಘಾಟು ಮೂಗಿಗೆ ಬಡಿದದ್ದೇ ತಡ, ಮೂಲಂಗಿಯನ್ನು ಅಲ್ಲೇ ಬಿಟ್ಟು ಹೊರಗೆ ಬಂದು ಬಸ್ ಸ್ಟಾಪಿನ ಬೆಂಚಿನ ಮೇಲೆ ಕೂತುಬಿಟ್ಟೆ. ಕಾರು ಹಿಂದುಗಡೆ ಪಾರ್ಕಿಂಗಿನಲ್ಲಿತ್ತು, ಬಸ್ಸಿಗೆ ನನಗೇನು ಕೆಲಸ? ಎರಡು ಬಸ್ಸು ಬಂದು ನಿಂತು, ಬಾಗಿಲು ತೆಗೆದು, ನಾನು ಏಳದಿದ್ದದ್ದು ನೋಡಿ ಹೋದವು.

ಪರ್ತ್‌ನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಅಂಕಲ್ ನೆನಪಾಗಿದ್ದರು...

ಆಗ ನಾವು ಪರ್ತಿನ ಬಡಾವಣೆಯಾದ ಸದರ್ನ್ ರಿವರ್‌ನಲ್ಲಿದ್ದೆವು. ನನ್ನ ಗಂಡ ಸಿವಿಲ್ ಎಂಜಿನಿಯರ್. ನಾನು ವೆಲ್ಷ್‌ಪೂಲಿನ ಒಂದು ದೊಡ್ಡ ಶೆಡ್ಡಿನಲ್ಲಿ, ಗಣಿಗಳಿಂದ ಬರುವ ಕಲ್ಲಿನ ಮಾದರಿಗಳಿಗೆ ಚೀಟಿ ಅಂಟಿಸಿ, ಕಂಪ್ಯೂಟರಿಗೆ ಹಾಕಿ, ಟ್ರೇಯಲ್ಲಿ ಜೋಡಿಸುವ ಕೆಲಸದಲ್ಲಿದ್ದೆ. ಅಂಕಲ್ ಜಿಯಾಲಜಿಸ್ಟ್. ಮೈಸೂರಿನಲ್ಲಿ ಓದಿ, ರಾಯಚೂರು ಕಡೆಯ ಚಿನ್ನದ ಗಣಿಯಲ್ಲಿ ಸ್ವಲ್ಪ ವರ್ಷ ಇದ್ದು, ಆಮೇಲೆ ಇಲ್ಲಿಗೆ ಬಂದವರು. ನಮ್ಮ ಶೆಡ್ಡಿಗೆ ಬರುತ್ತಿದ್ದ ಎಷ್ಟೋ ಡಬ್ಬಿಗಳ ಮೇಲೆ ಅವರದೇ ಕೈಬರಹ ಇರುತ್ತಿತ್ತು. ಕಲ್ಲು ಕಂಡರೆ ಸಾಕು, ಎತ್ತಿಕೊಂಡು ನಾಲಿಗೆಯಲ್ಲಿ ಒಮ್ಮೆ ನೆಕ್ಕಿ, ಒದ್ದೆಯಾದ ಜಾಗವನ್ನು ಸಣ್ಣ ಭೂತಗನ್ನಡಿ ಹಿಡಿದು ನೋಡುವುದು ಅವರ ಅಭ್ಯಾಸ. ಒದ್ದೆಯಾದರೆ ಕಲ್ಲಿನ ಬಣ್ಣ ಎದ್ದು ಕಾಣುತ್ತದಂತೆ. ನನ್ನ ಮಗಳು ಅದನ್ನು ನೋಡಿ ನೋಡಿ, ನಮ್ಮ ಹಿತ್ತಲಿನ ಜಲ್ಲಿಯನ್ನೆಲ್ಲ ನೆಕ್ಕಲು ಶುರು ಮಾಡಿದ್ದಳು. ಬೈದರೆ ಅಂಕಲ್ ಬೇಲಿಯ ಆ ಕಡೆಯಿಂದ, "ಬಿಡಮ್ಮ, ಒಂದು ಸೀನಿಯರ್ ಜಿಯಾಲಜಿಸ್ಟ್ ತಯಾರಾಗ್ತಿದೆ" ಎನ್ನುತ್ತಿದ್ದರು.

ಇಲ್ಲಿನ ಗಣಿ ಕೆಲಸದ ರೀತಿಯೇ ಬೇರೆ. ಬೆಳಗಿನ ವಿಮಾನದಲ್ಲಿ ಸೈಟಿಗೆ ಹಾರಬೇಕು. ಎಂಟು ದಿನ ಅಲ್ಲಿ ಕ್ಯಾಂಪಿನಲ್ಲಿದ್ದು ದುಡಿಯಬೇಕು, ಆಮೇಲೆ ಆರು ದಿನ ಮನೆ. ಮತ್ತೆ ಎಂಟು, ಮತ್ತೆ ಆರು. ಅಂಕಲ್ ಮನೆಯ ಫ್ರಿಡ್ಜಿನ ಬಾಗಿಲ ಮೇಲೆ ವರ್ಷದ ರೋಸ್ಟರ್ ಅಂಟಿಸಿತ್ತು. ಸೈಟಿನ ದಿನಗಳಿಗೆ ಕೆಂಪು, ಮನೆಯ ದಿನಗಳಿಗೆ ಹಸಿರು. ಆಂಟಿ ಇಡೀ ಬದುಕನ್ನು ಅದರ ಪ್ರಕಾರವೇ ನಡೆಸುತ್ತಿದ್ದರು. ಸತ್ಯನಾರಾಯಣ ಪೂಜೆಯಾಗಲಿ, ಹಲ್ಲಿನ ಡಾಕ್ಟರಾಗಲಿ, ಅಡಿಲೇಡ್‌ನಲ್ಲಿದ್ದ ಮಗನ ಮನೆಗೆ ಹೋಗುವುದಾಗಲಿ, ಎಲ್ಲ ಹಸಿರಿನಲ್ಲೇ. ಯಾರಾದರೂ ಕೆಂಪು ದಿನ ಊಟಕ್ಕೆ ಕರೆದರೆ, "ಇವ್ರು ಇರಲ್ಲ ಕಣೇ, ಅವತ್ತು ಕೆಂಪು" ಎನ್ನುತ್ತಿದ್ದರು, ಅದೇನೋ ಏಕಾದಶಿ ಎನ್ನುವ ಹಾಗೆ.

ಪ್ರತಿ ಸಲ ಸೈಟಿಗೆ ಹೊರಡುವಾಗ ಆಂಟಿ ಡಬ್ಬಿ ಕಟ್ಟಿ ಕೊಡುತ್ತಿದ್ದರು. ಚಟ್ನಿಪುಡಿ, ಮೆಂತ್ಯದ ಹಿಟ್ಟು, ಹುರಿಗಾಳು, ನಿಪ್ಪಟ್ಟು. ದಿನಾ ಸಂಜೆ ಏಳು ಗಂಟೆಗೆ ಅಂಕಲ್ ಫೋನು. ಏಳೂ ಹತ್ತಾದರೆ ಆಂಟಿ ಒಳಗೂ ಹೊರಗೂ ಓಡಾಡುತ್ತಿದ್ದರು. ಒಂದು ಸಲ ಯಾವುದೋ ಬೇರೆ ಗಣಿಯಲ್ಲಿ ಅಪಘಾತವಾಯಿತೆಂದು ಟೀವಿಯಲ್ಲಿ ಬಂದಾಗ, ಅದು ಅಂಕಲ್ ಇದ್ದ ಸೈಟೇ ಅಲ್ಲ, ಆದರೂ ಎರಡು ದಿನ ಅನ್ನ ಮುಟ್ಟಲಿಲ್ಲ. ಮೂವತ್ತು ವರ್ಷದಿಂದ ಹಾಗೆ ಕಾಯುತ್ತಲೇ ಬಂದವರು. ಇನ್ನು ಎರಡು ವರ್ಷಕ್ಕೆ ರಿಟೈರ್‌ಮೆಂಟ್, ಆಮೇಲೆ ಎಲ್ಲ ಹಸಿರೇ ಎಂದು ನನ್ನ ಹತ್ತಿರ ನೂರು ಸಲ ಹೇಳಿರಬೇಕು.

ಪರ್ತ್ ವಿಮಾನ ನಿಲ್ದಾಣ ವೆಲ್ಷ್‌ಪೂಲಿಗೆ ಹತ್ತಿರ. ನನ್ನ ಶಿಫ್ಟು ಬೆಳಿಗ್ಗೆ ಆರಕ್ಕೆ. ಹಾಗಾಗಿ ಅಂಕಲ್ ಅವರನ್ನು ನನ್ನ ಕಾರಿನಲ್ಲೇ ವಿಮಾನ ನಿಲ್ದಾಣಕ್ಕೆ ಬಿಡುವುದು ನಮ್ಮ ಎರಡು ಮನೆಗಳ ನಡುವಿನ ಪದ್ಧತಿಯಾಗಿಹೋಗಿತ್ತು. ಹಳದಿ ಅಂಗಿ, ದೊಡ್ಡ ಬೂಟು, ಒಂದು ಬ್ಯಾಗು. ಆಂಟಿ ಗೇಟಿನ ತನಕ ಬಂದು ಡಬ್ಬಿಯ ಚೀಲ ಕೊಟ್ಟು, "ಊಟ ಬಿಡಬೇಡಿ" ಎಂದು ಒಳಗೆ ಹೋಗುತ್ತಿದ್ದರು.

ಒಂದು ಬೆಳಿಗ್ಗೆ ಹೈವೇಗೆ ಬಂದ ಮೇಲೆ ಅಂಕಲ್, "ಒಂದು ನಿಮಿಷ ಆ ಸರ್ವೋ ಹತ್ರ ನಿಲ್ಸಮ್ಮ" ಎಂದರು. ಇಲ್ಲಿಯವರು ಪೆಟ್ರೋಲ್ ಬಂಕಿಗೆ ಸರ್ವೋ ಎನ್ನುತ್ತಾರೆ. ಕಾಫಿಗೇನೋ ಎಂದುಕೊಂಡು ನಿಲ್ಲಿಸಿದೆ. ಅವರು ಇಳಿಯಲಿಲ್ಲ.

"ಏರ್‌ಪೋರ್ಟ್ ಬೇಡಮ್ಮ. ಆಸ್ಪತ್ರೆ ಕಡೆ ಬಿಟ್ಬಿಡು."

ಶ್ವಾಸಕೋಶದ ಕ್ಯಾನ್ಸರ್. ಆಗಲೇ ಹರಡಿತ್ತು. ಕಂಪನಿ ಕಾಯಿಲೆಯ ರಜೆ ಕೊಟ್ಟಿತ್ತು. ಆಂಟಿಗೆ ಹೇಳಿರಲಿಲ್ಲ. ಅಂಕಲ್ ಮಾಡಿಕೊಂಡಿದ್ದ ಉಪಾಯ ಇಷ್ಟು: ಚಿಕಿತ್ಸೆಯನ್ನೆಲ್ಲ ಕೆಂಪು ದಿನಗಳಲ್ಲಿ ಇಟ್ಟುಕೊಳ್ಳುವುದು. ಆಸ್ಪತ್ರೆಯ ಎದುರಿನ ಒಂದು ಸಣ್ಣ ಮೋಟೆಲಿನಲ್ಲಿ ರೂಮು. ಇಂಜೆಕ್ಷನ್ ಹಾಕಿಸಿಕೊಂಡು, ವಾಂತಿ, ಜ್ವರ ಎಲ್ಲ ಅಲ್ಲೇ ಮುಗಿಸಿ, ಎಂಟನೇ ದಿನ ಹಳದಿ ಅಂಗಿ ಹಾಕಿಕೊಂಡು ಮನೆಗೆ ಬರುವುದು. ಗಣಿ ಕೆಲಸದವನ ಹೆಂಡತಿ ಎಂಟು ದಿನ ಗಂಡ ಕಾಣದಿದ್ದರೆ ಯಾಕೆಂದು ಕೇಳುವುದಿಲ್ಲ. ಅವಳಿಗೆ ರೋಸ್ಟರ್ ಇದೆ. ಬೇರೆ ಯಾವ ಮನೆಯಲ್ಲೂ ಈ ಆಟ ಒಂದು ವಾರ ನಡೆಯುತ್ತಿರಲಿಲ್ಲ.

"ಯಾವಾಗ ಹೇಳ್ತೀರ ಅಂಕಲ್?" ಎಂದೆ.

"ಕೊರಿಯಾಗೆ ಹೋಗ್ಬಿಟ್ಟು ಬರೋಣ. ಅವಳು ಆಸೆ ಪಟ್ಕೊಂಡಿದಾಳೆ. ಬಂದ್ಮೇಲೆ ಹೇಳ್ತೀನಿ. ಅಲ್ಲೀವರೆಗೂ ನಿನ್ನ ಬಾಯಿಂದ ಬರಬಾರದು."

ಸರಿ ಎಂದೆ. ಯಾಕೆ ಎಂದೆ ಎಂದು ಈಗ ಕೇಳಿಕೊಂಡರೆ ನನ್ನ ಬಗ್ಗೆ ನನಗೇ ಅಸಹ್ಯವಾಗುತ್ತದೆ. ಭಯ ಇತ್ತು, ಅದು ನಿಜ. ಆದರೆ ಅಷ್ಟು ದೊಡ್ಡ ಮನುಷ್ಯರು ಹೆಂಡತಿ, ಮಗ ಯಾರಿಗೂ ಹೇಳದ್ದನ್ನು ನನಗೆ ಹೇಳಿದರಲ್ಲ ಎಂಬ ಹೆಮ್ಮೆಯೂ ಸ್ವಲ್ಪ ಇತ್ತು. ಆವತ್ತು ಅವರನ್ನು ಆಸ್ಪತ್ರೆಯ ಗೇಟಿನ ಹತ್ತಿರ ಇಳಿಸಿ, ಶಿಫ್ಟಿಗೆ ತಡವಾಯಿತೆಂದು ವೆಲ್ಷ್‌ಪೂಲಿಗೆ ಓಡಿದೆ. ನನ್ನ ಗಂಡನಿಗೂ ಹೇಳಲಿಲ್ಲ.

ಆಮೇಲೆ ಇದು ನಡೆಯುತ್ತಾ ಹೋಯಿತು. ಔಷಧಿಗೆ ಅಂಕಲ್ ಬಾಯೆಲ್ಲ ಹುಣ್ಣು. ಖಾರ ಮುಟ್ಟುವ ಹಾಗಿಲ್ಲ. ಆಂಟಿ ಕೊಟ್ಟ ಡಬ್ಬಿಗಳನ್ನು ಕಾರಿನಲ್ಲೇ ಬಿಟ್ಟು, "ಯಾರಿಗಾದ್ರೂ ಕೊಡಮ್ಮ, ಎಸೀಬೇಡ" ಎನ್ನುತ್ತಿದ್ದರು. ನಮ್ಮ ಶೆಡ್ಡಿನವರು ಟೀ ಹೊತ್ತಿಗೆ ಆ ನಿಪ್ಪಟ್ಟು ತಿಂದರು. ನಾನೂ ತಿಂದೆ. ಚೆನ್ನಾಗಿ ತೊಳೆದ ಖಾಲಿ ಡಬ್ಬಿಗಳು ಎಂಟನೇ ದಿನ ನನ್ನ ಕಾರಿನಲ್ಲಿ ಮನೆಗೆ ಬರುವಾಗ ಅಂಕಲ್ ಬ್ಯಾಗಿಗೆ ವಾಪಸ್ಸು ಹೋಗುತ್ತಿದ್ದವು. ಅದನ್ನು ನೋಡಿ ಆಂಟಿಗೆ ಖುಷಿ. ಅಂಕಲ್ ಇಳಿದುಹೋಗಿದ್ದಕ್ಕೆ ಕ್ಯಾಂಪಿನ ಮೆಸ್ ಊಟವನ್ನು ಬೈಯುತ್ತಿದ್ದರು. ಕೂದಲು ಉದುರಿದ್ದು ಗೊತ್ತಾಗಲಿಲ್ಲ, ತಲೆ ಮೊದಲೇ ಬೋಳು. ಸಂಜೆ ಏಳಕ್ಕೆ ಮೋಟೆಲಿನಿಂದ ಫೋನು ತಪ್ಪದೆ ಬರುತ್ತಿತ್ತು. ಇವತ್ತು ಇಂಥ ಕಲ್ಲು ಸಿಕ್ಕಿತು, ಇಷ್ಟು ದೂರ ನಡೆದೆವು, ಒಂದು ಗುಡ್ಡ ಹತ್ತಿದೆವು ಎಂದೆಲ್ಲ ಹೇಳುತ್ತಿದ್ದರಂತೆ. ಆಂಟಿ ಬೇಲಿಯ ಹತ್ತಿರ ಬಂದು ಅದನ್ನೆಲ್ಲ ನನಗೆ ವರದಿ ಒಪ್ಪಿಸುವರು. ನಾನು ಹೂಂ, ಹೌದಾ ಆಂಟಿ ಎಂದು ಬಟ್ಟೆ ಒಣಗಿ ಹಾಕುತ್ತಿದ್ದೆ.

ಕೊರಿಯಾ ಆಂಟಿಯ ಆಯ್ಕೆ. ಅಂಕಲ್ ಇಲ್ಲದ ಸಂಜೆಗಳಲ್ಲಿ ಕೊರಿಯನ್ ಧಾರಾವಾಹಿ ನೋಡಿ ನೋಡಿ ಅವರಿಗೆ ಆ ಜನರ ಅತ್ತೆ, ಸೊಸೆ, ನಾದಿನಿಯರೆಲ್ಲ ಸ್ವಂತ ನೆಂಟರಾಗಿದ್ದರು. ಜೇಜು ದ್ವೀಪ ಅಂಕಲ್ ಆಯ್ಕೆ. "ನಮ್ಮ ಪಶ್ಚಿಮ ಆಸ್ಟ್ರೇಲಿಯಾದ ಕಲ್ಲೆಲ್ಲ ಮುದಿ ಮುದಿ. ಜೀವನಪೂರ್ತಿ ಮುದುಕರನ್ನೇ ನೋಡಿದ್ದಾಯ್ತು. ಜೇಜು ಕಲ್ಲು ಇನ್ನೂ ಹಸುಗೂಸು, ನಿನ್ನೆ ಮೊನ್ನೆ ಬೆಂಕಿಯಿಂದ ಎದ್ದು ಬಂದಿದ್ದು" ಎನ್ನುತ್ತಿದ್ದರು. ಡಾಕ್ಟರು ನಾಲ್ಕು ವಾರ ಔಷಧಿಗೆ ಬಿಡುವು ಕೊಟ್ಟಿದ್ದರು. ನಾವೂ ಜೊತೆಗೆ ಹೊರಟೆವು, ನಾನು, ನನ್ನ ಗಂಡ, ಏಳು ವರ್ಷದ ಮಗಳು. ರಾಜಧಾನಿ ಸೋಲ್‌ನಲ್ಲಿ ನಾಲ್ಕು ದಿನ. ಜೇಜುವಿನಲ್ಲಿ ಸುತ್ತಾಡಲು ಸಿಕ್ಕಿದ್ದು ಒಂದೇ ದಿನ.

ಆ ದಿನ ಬಾಡಿಗೆ ವ್ಯಾನಿನಲ್ಲಿ ಮೊದಲು ಹೋದದ್ದು ಲಾವಾರಸ ಹರಿದು ಕೊರೆದ ಸುರಂಗಕ್ಕೆ. ಮೆಟ್ಟಿಲಿಳಿದು ನೆಲದೊಳಗೆ ಹೋದರೆ ಒಳಗೆ ಚಳಿ, ಅಲ್ಲಲ್ಲಿ ಮಂಕು ದೀಪ, ಮೇಲಿಂದ ನೀರು ತೊಟ್ಟಿಕ್ಕುವ ಸದ್ದು. ಅಂಕಲ್ ತುಂಬ ನಿಧಾನವಾಗಿ ನಡೆದರು. ಹತ್ತು ಹೆಜ್ಜೆಗೊಮ್ಮೆ ನಿಂತು ಗೋಡೆ ಮುಟ್ಟಿ ನೋಡುತ್ತಿದ್ದರು. ಅದು ಕಲ್ಲಿನ ಮೇಲಿನ ಪ್ರೀತಿ ಎಂದು ಆಂಟಿ, ನನ್ನ ಗಂಡ ಎಲ್ಲ ಅಂದುಕೊಂಡರು. ಉಸಿರು ಹಿಡಿಯಲು ನಿಲ್ಲುತ್ತಿದ್ದಾರೆಂದು ನನಗೊಬ್ಬಳಿಗೆ ಗೊತ್ತಿತ್ತು. ಆದರೆ ಪ್ರೀತಿಯೂ ಸುಳ್ಳಾಗಿರಲಿಲ್ಲ. ಗೋಡೆಯುದ್ದಕ್ಕೂ ಅಡ್ಡ ಗೆರೆಗಳಿದ್ದವು, ಹಾಲು ಕಾಯಿಸಿದ ಪಾತ್ರೆಯ ಒಳಗೆ ಹಾಲು ಇಳಿದಂತೆಲ್ಲ ಕೆನೆಯ ಗೆರೆ ಉಳಿಯುತ್ತದಲ್ಲ, ಹಾಗೆ. ಅಂಕಲ್ ನನ್ನ ಮಗಳ ಕೈ ಹಿಡಿದು ಒಂದೊಂದೇ ಗೆರೆಯ ಮೇಲೆ ಅವಳ ಬೆರಳು ಓಡಿಸಿ, "ಇಲ್ಲೀವರೆಗೂ ಬೆಂಕಿ ಇತ್ತು. ಆಮೇಲೆ ಇಲ್ಲೀವರೆಗೂ ಇಳೀತು. ಆಮೇಲೆ ಇಲ್ಲಿ..." ಎಂದು ಹೇಳುತ್ತಾ ಹೋದರು. ಮಗಳು ಕನ್ನಡದಲ್ಲಿ ಕೇಳಿಸಿಕೊಂಡು ಇಂಗ್ಲಿಷಿನಲ್ಲಿ, "ವೇರ್ ಡಿಡ್ ಇಟ್ ಗೋ, ತಾತ?" ಎಂದಳು. ಅಂಕಲ್ ಉತ್ತರ ಕೊಡಲು ಬಾಯಿ ತೆರೆದರು, ಕೆಮ್ಮು ಬಂತು, ಬಹಳ ಹೊತ್ತು ಬಂತು.

ಮಧ್ಯಾಹ್ನದ ಹೊತ್ತಿಗೆ ದ್ವೀಪದ ಪೂರ್ವದ ತುದಿಯಲ್ಲಿರುವ ಬೆಟ್ಟದ ಬುಡದಲ್ಲಿದ್ದೆವು. ಸಮುದ್ರದ ಅಂಚಿಗೆ ತಂದಿಟ್ಟ ದೊಡ್ಡ ಬೋಗುಣಿಯ ಹಾಗಿದೆ ಆ ಬೆಟ್ಟ, ತುದಿಯ ಸುತ್ತ ಹಲ್ಲು ಹಲ್ಲು ಬಂಡೆ. ಸೂರ್ಯೋದಯ ನೋಡಲು ಜನ ಹತ್ತುವ ಜಾಗ ಅದು. ಆಂಟಿ ಅದನ್ನು ಎಷ್ಟೋ ಧಾರಾವಾಹಿಗಳಲ್ಲಿ ನೋಡಿದ್ದರು. ಗಂಡ ಹೆಂಡತಿ ಜೊತೆಯಲ್ಲಿ ಹತ್ತಿ ಮೇಲೆ ನಿಂತು ಸಮುದ್ರ ನೋಡುವುದು ಅವರ ಒಂದೇ ಬೇಡಿಕೆಯಾಗಿತ್ತು. ಪರ್ತ್‌ನಿಂದ ಹೊಸ ಬೂಟು ಕೊಂಡು ತಂದಿದ್ದರು, ಇಬ್ಬರಿಗೂ.

"ಬನ್ನಿ" ಎಂದರು ಆಂಟಿ, ಬೂಟಿನ ದಾರ ಬಿಗಿಯುತ್ತಾ.

"ನೀವೆಲ್ಲ ಹೋಗ್ಬಿಟ್ಟು ಬನ್ನಿ. ನಾನಿಲ್ಲೇ ಕಲ್ಲು ನೋಡ್ಕೊಂಡಿರ್ತೀನಿ."

"ಕಲ್ಲು ಮೇಲೂ ಇರತ್ತೆ."

"ಕೆಳಗಿನ ಪದರ ಮುಖ್ಯ ಕಣೇ. ಅದೂ ಅಲ್ದೆ ಇವತ್ತು ಯಾಕೋ ಮಂಡಿ ಹಿಡ್ಕೊಂಡಿದೆ."

ಆಂಟಿ ಎದ್ದು ನಿಂತರು. ಅವರ ಬಾಯಿ ಜೋರು ಎಂಬುದು ನಮಗೆಲ್ಲ ಗೊತ್ತಿದ್ದದ್ದೇ. ಆದರೆ ಆವತ್ತು ಜೋರು ಮಾಡಲಿಲ್ಲ, ಮೆಲ್ಲಗೇ ಹೇಳಿದರು.

"ಹೊರಡೋ ಮುಂಚಿನ ವಾರ ಫೋನಲ್ಲಿ ಗುಡ್ಡ ಹತ್ತಿದೆ ಅಂದ್ರಿ. ನಲವತ್ತೈದು ಡಿಗ್ರಿ ಬಿಸಿಲಲ್ಲಿ ಕಂಪನಿಗೋಸ್ಕರ ಹತ್ತಕ್ಕಾಗತ್ತೆ. ಮೂವತ್ತು ವರ್ಷ ಕಾದಿದೀನಿ, ನಂಗೋಸ್ಕರ ಇಷ್ಟು ಮೆಟ್ಟಿಲು ಹತ್ತಕ್ಕಾಗಲ್ಲ. ಅಲ್ವಾ?"

ಅಂಕಲ್ ನಕ್ಕರು. ಬೇರೆ ಏನು ಮಾಡುತ್ತಾರೆ? ಫೋನಿನಲ್ಲಿ ತಾವೇ ಕಟ್ಟಿದ ಗುಡ್ಡ ಅದು. ಆಂಟಿ ತಿರುಗಿ ನೋಡದೆ ಮೆಟ್ಟಿಲ ಕಡೆ ನಡೆದರು. ನನ್ನ ಗಂಡ, ಮಗಳು ಅವರ ಹಿಂದೆ ಹೋದರು. ನನಗೆ ತಲೆನೋವು ಎಂದು ಹೇಳಿ ಕೆಳಗೇ ಉಳಿದೆ. ಮೆಟ್ಟಿಲ ಮೇಲೆ ಆಂಟಿಯ ನೇರಳೆ ಸ್ವೆಟರ್ ಬಹಳ ಹೊತ್ತು ಕಾಣುತ್ತಿತ್ತು. ನಡುವೆ ಒಂದು ಸಲ ನಿಂತರು, ಕೆಳಗೆ ನೋಡುತ್ತಾರೇನೋ ಎಂದುಕೊಂಡೆವು. ಇಲ್ಲ, ಬೂಟಿನ ದಾರ ಕಟ್ಟಿಕೊಂಡು ಮುಂದೆ ಹೋದರು.

ಹುಲ್ಲಿನ ಪಕ್ಕದ ಕಪ್ಪು ಕಲ್ಲಿನ ಮೋಟುಗೋಡೆಯ ಮೇಲೆ ಕೂತೆವು. ಅಂಕಲ್ ಎದೆ ಶಿಳ್ಳೆ ಹೊಡೆದ ಹಾಗೆ ಸದ್ದು ಮಾಡುತ್ತಿತ್ತು.

"ಅಂಕಲ್, ಇವತ್ತೇ ಹೇಳ್ಬಿಡಿ" ಎಂದೆ. "ಆಂಟಿ ಏನಂದ್ಕೊಂಡ್ರು ನೋಡಿದ್ರಲ್ಲ."

"ಬೈಲಿ ಬಿಡಮ್ಮ. ಬೈಯೋವಾಗ ಅವಳು ಗಟ್ಟಿಯಾಗಿರ್ತಾಳೆ. ಹೆದರ್ಕೊಂಡ್ರೆ ನಂಗೆ ನೋಡಕ್ಕಾಗಲ್ಲ."

"ಆಮೇಲೆ ಗೊತ್ತಾದ್ರೆ?"

"ಆಮೇಲೆ ನಾನಿರಲ್ಲವಲ್ಲ" ಎಂದರು, ಯಾವುದೋ ಮೀಟಿಂಗಿಗೆ ಬರಲಾಗುವುದಿಲ್ಲ ಎನ್ನುವವರ ಹಾಗೆ. ನನಗೆ ಸಿಟ್ಟು ಬಂತು. ನೀವಿರಲ್ಲ, ನಾನಿರ್ತೀನಲ್ಲ ಎನ್ನಬೇಕೆನಿಸಿತು. ಕಾಯಿಲೆಯವರ ಮುಂದೆ ನನ್ನದೇನು ದೊಡ್ಡ ಕಷ್ಟ ಎಂದು ಸುಮ್ಮನಾದೆ. ಅಂಕಲ್ ಗೋಡೆಯ ಒಂದು ಕಲ್ಲನ್ನು ಬೆರಳಿಂದ ಒದ್ದೆ ಮಾಡಿ, ಭೂತಗನ್ನಡಿ ತೆಗೆದು ನೋಡಲು ಹೋದರು. ಅದು ಒಂದೇ ಕಡೆ ನಿಲ್ಲಲಿಲ್ಲ. ನಾನು ಮಣಿಕಟ್ಟು ಹಿಡಿದುಕೊಂಡೆ. ಒಂದೇ ಹಿಡಿ ಮೂಳೆ.

ಅಲ್ಲಿಂದ ದಕ್ಷಿಣಕ್ಕೆ ವ್ಯಾನು ಹೊರಟಾಗ ಆಂಟಿ ಹಿಂದಿನ ಸೀಟಿಗೆ ಬಂದು ನನ್ನ ಪಕ್ಕ ಕೂತರು. ದಾರಿಯುದ್ದಕ್ಕೂ ಕಿತ್ತಳೆ ತೋಟ, ತೋಟಕ್ಕೆಲ್ಲ ಕಪ್ಪು ಕಲ್ಲಿನ ಬೇಲಿ. ಡ್ರೈವರ್ ಒಂದು ಕಡೆ ನಿಲ್ಲಿಸಿ ಒಂದು ಚೀಲ ಕಿತ್ತಳೆ ಕೊಡಿಸಿದ. ಮುಂದಿನ ಸೀಟಿನಲ್ಲಿದ್ದ ಅಂಕಲ್ ಒಂದನ್ನು ಸುಲಿದು, ನಾರೆಲ್ಲ ತೆಗೆದು, ಅರ್ಧ ಹಣ್ಣು ಹಿಂದಕ್ಕೆ ಚಾಚಿದರು. ವ್ಯಾನಿನ ತುಂಬ ಆ ವಾಸನೆ. ಆಂಟಿ ತೆಗೆದುಕೊಂಡು ಒಂದು ತೊಳೆಯನ್ನೂ ತಿನ್ನದೆ ನನ್ನ ಮಗಳ ಕೈಗೆ ಕೊಟ್ಟರು. ಅಂಕಲ್ ತಿರುಗಿ ನೋಡಲಿಲ್ಲ. ಕನ್ನಡಿಯಲ್ಲಿ ಕಂಡಿರಬೇಕು...

ಜಲಪಾತದ ಹತ್ತಿರ ಅಂಕಲ್ ವ್ಯಾನಿನಲ್ಲೇ ಉಳಿದರು, ನಿದ್ದೆ ಬರುತ್ತಿದೆ ಎಂದರು. ನೀರು ಎತ್ತರದಿಂದ ಹಸಿರು ಗುಂಡಿಗೆ ಬೀಳುತ್ತಿತ್ತು. ನನ್ನ ಗಂಡ ಮಗಳನ್ನು ನಿಲ್ಲಿಸಿ ಫೋಟೋ ತೆಗೆಯುತ್ತಿದ್ದ. ಆಂಟಿ ಕಟಕಟೆ ಹಿಡಿದು ನಿಂತಿದ್ದರು.

"ಕೆಲಸದಲ್ಲಿರೋವಾಗ ನನ್ನ ಮರೀತಾರೆ ಅಂತ ಗೊತ್ತಿತ್ತು ಕಣೇ, ಅದಕ್ಕೆ ನಾನು ಬೇಜಾರು ಮಾಡ್ಕೊಳ್ಳಲ್ಲ" ಎಂದರು. "ಪಕ್ಕದಲ್ಲಿದ್ರೂ ನನ್ನ ಜೊತೆ ಇರಕ್ಕೆ ಇಷ್ಟ ಇಲ್ಲ ಅಂತ ಇವತ್ತು ಗೊತ್ತಾಯ್ತು. ರಿಟೈರ್ ಆಗಿ ಏನು ಮಾಡ್ತೀವೋ ನಾವಿಬ್ರು."

ಅವರ ಕಣ್ಣಲ್ಲಿ ನೀರಿತ್ತು. ಆಗ ಹೇಳಬೇಕಿತ್ತು. ಬಾಯಿಗೆ ಬಂದಿತ್ತು, ನಿಜವಾಗಿ ಬಂದಿತ್ತು. ಆಂಟಿ, ಹಾಗಲ್ಲ ಎಂದು ಶುರು ಮಾಡಿದ್ದರೆ ಸಾಕಿತ್ತು. ಅಷ್ಟರಲ್ಲಿ ಮಗಳು ಓಡಿ ಬಂದಳು. ಅವಳು ಬಂದಳಲ್ಲ ಎಂದು ನನಗೆ ಎಷ್ಟು ಸಮಾಧಾನವಾಯಿತೆಂದರೆ, ಅದನ್ನು ನೆನೆದರೆ ಇವತ್ತಿಗೂ ನನ್ನ ಮುಖಕ್ಕೆ ನಾನೇ ಹೊಡೆದುಕೊಳ್ಳಬೇಕು ಎನಿಸುತ್ತದೆ.

ಕೊನೆಗೆ ಸಂಜೆ ಸಮುದ್ರದ ದಡದ ಕಲ್ಲುಕಂಬಗಳನ್ನು ನೋಡಿದೆವು. ಲಾವಾ ಆರುವಾಗ ಬಿರಿದು, ಆರು ಮೂಲೆಯ ಕಂಬಗಳಾಗಿ ಸಾಲಾಗಿ ನಿಂತಿವೆ. ಅಲೆ ಬಂದು ಬಡಿಯುತ್ತದೆ. ಅಂಕಲ್ ಅಲ್ಲಿ ಇಳಿದು ಬಂದರು. "ನಮ್ಮ ಮಲ್ಪೆ ಹತ್ರದ ದ್ವೀಪದಲ್ಲೂ ಇಂಥದ್ದೇ ಕಂಬ ಇದೆ. ಮದುವೆಯಾದ ವರ್ಷ ಹೋಗಿದ್ವಿ, ಜ್ಞಾಪಕ ಇದ್ಯಾ?" ಎಂದು ಆಂಟಿಯನ್ನು ಕೇಳಿದರು. "ಇಲ್ಲ" ಎಂದರು ಆಂಟಿ. ಇತ್ತು. ಆ ಪ್ರವಾಸದ ಕಥೆಯನ್ನು ನನಗೆ ಅವರೇ ಎಷ್ಟೋ ಸಲ ಹೇಳಿದ್ದರು.

ಪರ್ತ್‌ಗೆ ಬಂದ ಮೇಲೂ ಅಂಕಲ್ ಹೇಳಲಿಲ್ಲ. ದೀಪಾವಳಿ ಮುಗಿಯಲಿ ಎಂದರು. ಆಮೇಲೆ ಮಗನ ಮಗುವಿನ ನಾಮಕರಣ ಮುಗಿಯಲಿ ಎಂದರು. ಆಂಟಿ ಕೊರಿಯಾದ ಸಿಟ್ಟನ್ನು ಬಿಟ್ಟಿರಲಿಲ್ಲ. ಡಬ್ಬಿ ಕಟ್ಟುತ್ತಿದ್ದರು, ಗೇಟಿನ ತನಕ ಬರುವುದನ್ನು ನಿಲ್ಲಿಸಿದರು. ಅಡುಗೆಮನೆಯ ಕಟ್ಟೆಯ ಮೇಲೆ ಚೀಲ ಇಟ್ಟಿರುತ್ತಿತ್ತು, ಅಂಕಲ್ ತಾವೇ ಎತ್ತಿಕೊಂಡು ಬರುತ್ತಿದ್ದರು. ಏಳು ಗಂಟೆಯ ಫೋನು ಎರಡೇ ನಿಮಿಷಕ್ಕೆ ಮುಗಿಯುತ್ತಿತ್ತಂತೆ. ಕಾರಿನಲ್ಲಿ ನಾನು ಹೇಳಿ ಅಂಕಲ್, ಹೇಳಿ ಅಂಕಲ್ ಎಂದು ಪೀಡಿಸಿದರೆ ಕಿಟಕಿಯ ಕಡೆ ತಿರುಗಿ ಕೂರುತ್ತಿದ್ದರು.

ಆ ಸಲ ಅವರು "ಸೈಟಿಗೆ" ಹೋಗಿ ಐದನೇ ದಿನ. ಶೆಡ್ಡಿನಲ್ಲಿದ್ದೆ. ಆಸ್ಪತ್ರೆಯಿಂದ ಫೋನು, ಅಂಕಲ್ ಅಲ್ಲಿ ನನ್ನ ನಂಬರನ್ನು ಕೊಟ್ಟಿದ್ದರು. ತಕ್ಷಣ ಮನೆಯವರನ್ನು ಕರೆದುಕೊಂಡು ಬನ್ನಿ ಎಂದರು. ಸದರ್ನ್ ರಿವರ್‌ಗೆ ಹೇಗೆ ಕಾರು ಓಡಿಸಿದೆನೋ ಗೊತ್ತಿಲ್ಲ. ಆಂಟಿ ಅವರೆಕಾಳು ಬಿಡಿಸುತ್ತಾ ಕೂತಿದ್ದರು. ಅಂಕಲ್ ಆಸ್ಪತ್ರೆಯಲ್ಲಿದ್ದಾರೆ, ಬನ್ನಿ ಎಂದೆ. ಅವರು ನಂಬಲಿಲ್ಲ.

"ಇವ್ರು ಸೈಟಲ್ಲಿದಾರೆ. ಗುರುವಾರ ಬರ್ತಾರೆ" ಎಂದು ನನ್ನನ್ನು ಕೈ ಹಿಡಿದು ಫ್ರಿಡ್ಜಿನ ಮುಂದೆ ಕರೆದುಕೊಂಡು ಹೋಗಿ ಕೆಂಪು ಚೌಕಗಳನ್ನು ತೋರಿಸಿದರು. "ನೋಡು. ಯಾರೋ ಬೇರೆಯವ್ರಿರಬೇಕು. ಅವ್ರಿಗೆ ಹೆಸರು ಗೊತ್ತಾಗಿರಲ್ಲ, ನಮ್ಮ ಹೆಸರೆಲ್ಲ ಅವ್ರಿಗೆ ಒಂದೇ." ಸೈಟಿನ ಆಫೀಸಿಗೆ ಫೋನ್ ಮಾಡುತ್ತೇನೆಂದು ನಂಬರು ಹುಡುಕಿದರು. ಕನ್ನಡಕ ಸಿಗಲಿಲ್ಲ. ಇಪ್ಪತ್ತು ನಿಮಿಷ ಹೋಯಿತು. ಕೊನೆಗೆ ನಾನು ಗದರಿದ ಮೇಲೆ ಕಾರು ಹತ್ತಿದರು. ದಾರಿಯಲ್ಲಿ, "ಸೈಟಿಂದ ಪ್ಲೇನಲ್ಲಿ ಕರ್ಕೊಂಡು ಬಂದ್ರಾ?" ಎಂದು ಕೇಳಿದರು. ಹೂಂ ಎಂದೆ. ಆಗಲೂ ಸುಳ್ಳು.

ನಾವು ಹೋಗುವಷ್ಟರಲ್ಲಿ ಜೀವ ಹೋಗಿ ಹತ್ತು ನಿಮಿಷವಾಗಿತ್ತು.

ನರ್ಸ್ ಒಬ್ಬಳು ಆಂಟಿಯ ಹೆಗಲು ಹಿಡಿದು, ನಿಮ್ಮ ಯಜಮಾನರು ತುಂಬ ಒಳ್ಳೆಯವರು, ಏಳು ತಿಂಗಳಿಂದ ನಮಗೆಲ್ಲ ಗೊತ್ತು, ನೀವು ಭಾರತದಲ್ಲಿದ್ದೀರಿ ಎಂದು ಹೇಳುತ್ತಿದ್ದರು ಎಂದಳು. ಆಂಟಿ ಅವಳನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು.

"ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು ಆಂಟಿ."

ಅಷ್ಟೇ. ಬೈಯಲಿಲ್ಲ. ಅಂಕಲ್ ಹೇಳಿದ್ದು ನಿಜ, ಬೈಯುವಾಗ ಆಂಟಿ ಗಟ್ಟಿಯಾಗಿರುತ್ತಿದ್ದರು. ಆವತ್ತು ಆ ಬಾಯಿ ಮುಚ್ಚಿತು. ಹದಿನಾಲ್ಕನೇ ದಿನದ ಊಟಕ್ಕೆ ನಮ್ಮನ್ನು ಕರೆಯಲಿಲ್ಲ. ಮಗ ಬಂದು ಅವರನ್ನು ಅಡಿಲೇಡ್‌ಗೆ ಕರೆದುಕೊಂಡು ಹೋದ, ಮನೆ ಮಾರಿದರು. ನನ್ನ ಗಂಡನಿಗೂ ನಾನು ಹೇಳದೆ ಇದ್ದದ್ದು ಬಹಳ ದಿನ ನಮ್ಮ ಮಧ್ಯೆ ಉಳಿಯಿತು. ಎರಡು ವರ್ಷದ ಮೇಲೆ ಅವನಿಗೆ ಬ್ರಿಸ್ಬೇನ್‌ನಲ್ಲಿ ಕೆಲಸ ಸಿಕ್ಕಿ ಈ ಕಡೆ ಬಂದೆವು.

ಈ ವರ್ಷದ ಶುರುವಿನಲ್ಲಿ ನಾನು ಅಡಿಲೇಡ್‌ಗೆ ಹೋದೆ. ಒಂದು ಮದುವೆಯ ನೆವ. ಆಂಟಿಯ ಮಗನಿಗೆ ಫೋನ್ ಮಾಡಿ ಕೇಳಿದೆ, ಬನ್ನಿ ಎಂದ. ಆಂಟಿಯೇ ಬಾಗಿಲು ತೆಗೆದರು. ತುಂಬ ಸಣ್ಣಗಾಗಿದ್ದರು, ಕೂದಲು ಪೂರ್ತಿ ಬೆಳ್ಳಗಾಗಿತ್ತು. ಕಾಫಿ ಮಾಡಿದರು. ಮಗಳ ಓದು ಕೇಳಿದರು, ಬ್ರಿಸ್ಬೇನಿನ ಸೆಕೆ ಕೇಳಿದರು. ಕ್ಷಮಿಸಿ ಆಂಟಿ ಎನ್ನಲು ನಾನು ವರ್ಷಗಟ್ಟಲೆ ಮಾತು ಜೋಡಿಸಿಕೊಂಡು ಬಂದಿದ್ದೆ. ಅದನ್ನು ಹೇಳುವ ಮೊದಲೇ ಅವರು ಲೋಟ ಕೆಳಗಿಟ್ಟು ಕೇಳಿದರು.

"ಆಸ್ಪತ್ರೆಲಿ ಇಂಜೆಕ್ಷನ್ ಹಾಕೋವಾಗ ಎಷ್ಟು ಹೊತ್ತು ಹಿಡಿಯೋದು?"

"ಅರ್ಧ ದಿನ ಅಂತಿದ್ರು ಆಂಟಿ."

"ನೀನು ಕೂತಿರ್ತಿದ್ದೆ ಅಲ್ವಾ ಜೊತೆಗೆ?"

ಅವರ ಮುಖ ನೋಡಿದೆ. ಅದರಲ್ಲಿ ಸಿಟ್ಟು ಇರಲಿಲ್ಲ, ಏನೋ ಬೇಡುವ ಹಾಗಿತ್ತು. ಆದರೆ ಆ ಏಳು ತಿಂಗಳು ಸುಳ್ಳು ಹೇಳಿ ಸಾಕಾಗಿತ್ತು ನನಗೆ. ಇನ್ನು ಈ ಹೆಂಗಸಿಗೆ ಸುಳ್ಳು ಹೇಳುವುದಿಲ್ಲ ಎಂದು ವಿಮಾನದಲ್ಲೇ ಆಣೆ ಮಾಡಿಕೊಂಡು ಬಂದಿದ್ದೆ.

"ಇಲ್ಲ ಆಂಟಿ. ಗೇಟಿನ ಹತ್ರ ಬಿಟ್ಟು ಕೆಲಸಕ್ಕೆ ಹೋಗ್ತಿದ್ದೆ."

"ಒಂದಿನಾನೂ ಒಳಗೆ ಹೋಗ್ಲಿಲ್ವಾ?"

"ಇಲ್ಲ."

"ಮೋಟೆಲಿಗೆ?"

"ಇಲ್ಲ ಆಂಟಿ."

ಅವರು ಮೇಜಿನ ಮೇಲಿನ ಬಟ್ಟೆಯ ಸುಕ್ಕನ್ನು ಕೈಯಲ್ಲಿ ಸವರಿದರು. ಮೊಮ್ಮಗನ ಆಟಿಕೆ ಒಳಗೆಲ್ಲೋ ಸದ್ದು ಮಾಡುತ್ತಿತ್ತು.

"ನಿನ್ನ ಮೇಲೆ ನಂಗೆ ಎಷ್ಟು ಸಿಟ್ಟಿತ್ತು ಅಂದ್ರೆ, ಹೇಳಕ್ಕಾಗಲ್ಲ" ಎಂದರು. "ನಾನು ಕೂರಬೇಕಾಗಿದ್ದ ಕಡೆ ನೀನು ಕೂತಿದ್ದೆ ಅಂತ. ಆದ್ರೂ ದಿನಾ ಮಲಗೋವಾಗ ಅದೊಂದು ಸಮಾಧಾನ ಇತ್ತು. ನಾನಿಲ್ದೆ ಇದ್ರೂ ಇವ್ಳಾದ್ರೂ ಇದ್ಳಲ್ಲ, ಒಂದು ಲೋಟ ನೀರು ಕೊಟ್ಟಿರ್ತಾಳಲ್ಲ ಅಂತ..."

ಎದ್ದು ಎರಡೂ ಲೋಟ ತೊಳೆದರು. ಹೊರಡುವಾಗ ನಾನೇ ಇಟ್ಟುಕೊಳ್ಳಲೆಂದು ಕುಂಕುಮದ ಭರಣಿ ಮುಂದಿಟ್ಟರು, ಮುತ್ತೈದೆ ಬರಿಗೈಲಿ ಹೋಗಬಾರದು ಎಂದು ಒಂದು ಸೇಬು ಕೊಟ್ಟರು. ಅಷ್ಟು ಸುಳ್ಳು ಹೇಳಿದವಳು ನಾನು, ಸುಳ್ಳು ಹೇಳಲೇಬೇಕಿದ್ದ ಒಂದೇ ಒಂದು ಸಲ ಹೇಳಲಿಲ್ಲ.

ಆಮೇಲೆ ನಾಲ್ಕಾರು ಸಲ ಫೋನ್ ಮಾಡಿದೆ, ಅವರು ಎತ್ತಲಿಲ್ಲ. ಎತ್ತಿದರೆ ಏನು ಹೇಳುತ್ತಿದ್ದೆನೋ ಗೊತ್ತಿಲ್ಲ. ಆ ಏಳು ತಿಂಗಳು ಆಸ್ಪತ್ರೆಯಲ್ಲಿ, ಮೋಟೆಲಿನಲ್ಲಿ ಅಂಕಲ್ ಒಬ್ಬರೇ ಇದ್ದರು. ಮೊದಲು ಅದು ನನಗೊಬ್ಬಳಿಗೇ ಗೊತ್ತಿತ್ತು, ಈಗ ಆಂಟಿಗೂ ಗೊತ್ತು.